ಹನ್ನೆರಡನೇ ದುಂಡು ಅರ

ವಿಮಾನ ರಿಪೇರಿಯವರು ಬಹಳ ಗಂಭೀರ ಜನ ಎಂದು ಹೊರಗಿನವರು ನಂಬಿದ್ದಾರೆ. ಚೆನ್ನೈನ ಒಂದು ಹ್ಯಾಂಗರಿನಲ್ಲಿ ಇಪ್ಪತ್ತು ವರ್ಷದಿಂದ ದುಂಡು ಅರ ಹಿಡಿದು ತಗಡಿನ ತೂತುಗಳನ್ನು ಉಜ್ಜುತ್ತಿರುವ ನಾನು ಆ ನಂಬಿಕೆ ಕೆಡಿಸಲು ಹೋಗಿಲ್ಲ. ಆದರೂ ಇಂಥವು ನಡೆಯುತ್ತಲೇ ಇರುತ್ತವೆ.

೧. ಚಿಲಕ

ತಾಂಬರಂನ ನಮ್ಮ ಮನೆಯ ಬಚ್ಚಲ ಬಾಗಿಲಿಗೆ ಪುರಸೈವಾಕ್ಕಂನಿಂದ ಹೊಸ ಚಿಲಕ ತಂದೆ. ಅದರ ಕಡ್ಡಿ ಚೌಕಟ್ಟಿನ ತಗಡಿನ ತೂತಿಗೆ ಹೋಗಲೊಲ್ಲದು. ನನ್ನ ಸ್ವಂತ ದುಂಡು ಅರ ತೆಗೆದು, ಲೋಹದ ಪುಡಿ ಹಲ್ಲುಗಳಿಗೆ ಅಂಟದಿರಲೆಂದು ಸೀಮೆಸುಣ್ಣ ಉಜ್ಜಿದೆ. ನೋಡುತ್ತಿದ್ದ ಅತ್ತೆ ನನ್ನ ಹೆಂಡತಿಯನ್ನು ಕರೆದರು: "ಬಾರೇ ಇಲ್ಲಿ, ನಿಮ್ಮನೆಯವರು ಅರಕ್ಕೆ ವಿಭೂತಿ ಹಚ್ತಿದಾರೆ."

ಹಗುರವಾಗಿ ಮುಂದಕ್ಕೆ ಒತ್ತುವುದು, ಎತ್ತಿ ಹಿಂದಕ್ಕೆ ತರುವುದು, ಅಳೆಯುವುದು. ಹೀಗೆ ಒಂದು ಗಂಟೆ. ಸ್ನಾನಕ್ಕೆ ಕಾದು ಬೇಸತ್ತ ಅತ್ತೆ ಪಕ್ಕದ ಮನೆಯ ಬಡಗಿಯನ್ನು ಕರೆಸಿದರು. ಆತ ಸುತ್ತಿಗೆಯಿಂದ ಎರಡು ಕೊಟ್ಟ, ಚಿಲಕ ಕೂತಿತು.

"ಬೇಜಾರು ಮಾಡ್ಕೋಬೇಡಿ," ಅತ್ತೆ ಸಮಾಧಾನ ಹೇಳಿದರು, "ನಿಮಗೆ ವಿಮಾನ ಮಾತ್ರ ಬರುತ್ತೆ."

೨. ಹತ್ತಿ

ನಾವು ಉಜ್ಜಿದ ತೂತಿನ ಅಂಚಿನ ಮೇಲೆ ನಮ್ಮ ಇನ್ಸ್‌ಪೆಕ್ಟರು ಹತ್ತಿ ಎಳೆದು ನೋಡುತ್ತಾರೆ. ಒಂದು ಎಳೆ ಸಿಕ್ಕಿಕೊಂಡರೂ ಮತ್ತೆ ಉಜ್ಜಬೇಕು. ಒಮ್ಮೆ ನುಂಗಂಬಾಕ್ಕಂನ ಸಲೂನಿನಲ್ಲಿ ಅವರು ನನ್ನ ಪಕ್ಕದ ಕುರ್ಚಿಯಲ್ಲಿದ್ದರು. ಶೇವಿಂಗ್ ಮುಗಿದ ಮೇಲೆ ಜೇಬಿನಿಂದ ಹತ್ತಿ ತೆಗೆದು ಕೆನ್ನೆಯ ಮೇಲೆ ಎಳೆದುಕೊಂಡು, "ಎಡಗಡೆ ಸಿಕ್ಕಿಕೊಳ್ತಿದೆ, ಇನ್ನೊಂದ್ಸಲ" ಎಂದರು.

ಮೂರನೇ ಸಲಕ್ಕೆ ಸಲೂನಿನವನು ಕತ್ತಿ ಕೆಳಗಿಟ್ಟ. "ಸಾರ್, ಈ ಮುಖ ಹಾರಬೇಕಾಗಿಲ್ಲ. ಮನೆಗೆ ಹೋದ್ರೆ ಸಾಕು."

೩. ಗುರುತು

ಹ್ಯಾಂಗರಿನ ಬೋರ್ಡಿನಲ್ಲಿ ಪ್ರತಿ ಉಪಕರಣ ತೂಗುಹಾಕುವ ಜಾಗದಲ್ಲೂ ಅದರದೇ ಆಕಾರದ ಕಪ್ಪು ಗುರುತಿರುತ್ತದೆ. ಕೆಲಸ ಮುಗಿದಾಗ ಒಂದು ಗುರುತು ಖಾಲಿ ಉಳಿದರೂ ವಿಮಾನ ಹೊರಡುವಂತಿಲ್ಲ. ಆ ಉಪಕರಣ ರೆಕ್ಕೆಯೊಳಗೇ ಬಿದ್ದಿರಬಹುದು.

ಹೊಸ ಬೋರ್ಡು ಬಂದ ಮೊದಲ ದಿನ, ಎಣಿಸಿ ನೋಡದೇ ಎಲ್ಲ ಸರಿಯಿದೆ ಎಂದು ಸಹಿ ಹಾಕಿದವನು ನಾನು. ಸಂಜೆ ನೋಡಿದರೆ ದುಂಡು ಅರದ ಗುರುತು ಹನ್ನೆರಡು, ಅರ ಹನ್ನೊಂದು. ಉಪಕರಣಗಳ ರಿಜಿಸ್ಟರ್ ಹಿಡಿದು ಮ್ಯಾನೇಜರ ಬಳಿ ಓಡಿದೆ. ಲೈಸೆನ್ಸ್ ಹೋದರೆ ನನಗೆ ಬೇರೆ ಕೆಲಸ ಬಾರದು.

"ರಿಜಿಸ್ಟರಿನಲ್ಲಿ ಹನ್ನೊಂದೇ ಇದೆ ಸಾರ್," ಎಂದೆ.

"ರಿಜಿಸ್ಟರ್ ಹಳೇದು," ಎಂದರು ಮ್ಯಾನೇಜರು. "ಗುರುತಿದೆ ಅಂದ್ರೆ ಅರ ಇತ್ತು."

ವಿಮಾನದ ನೆಲಹಲಗೆ ಬಿಚ್ಚಿದರು, ಸೀಟು ಎತ್ತಿದರು. ಒಬ್ಬರು ನನ್ನ ಟಿಫನ್ ಡಬ್ಬಿಯನ್ನೂ ಅಲ್ಲಾಡಿಸಿ ನೋಡಿದರು. ಮರುದಿನವೂ ವಿಮಾನ ಅಲ್ಲೇ ನಿಂತಿತ್ತು, ನಾನು ಅದರ ಪಕ್ಕದಲ್ಲಿ ಕ್ಷಮಾಪಣೆ ಪತ್ರ ಬರೆಯುತ್ತಿದ್ದೆ.

ಮಧ್ಯಾಹ್ನ, ಬೋರ್ಡಿಗೆ ಬಣ್ಣ ಬಳಿದಿದ್ದ ಪೈಂಟರು ಉಳಿದ ಕೆಲಸಕ್ಕೆ ಬಂದ. ಏನು ಗದ್ದಲ ಎಂದು ಕೇಳಿದ. ಮ್ಯಾನೇಜರು ಖಾಲಿ ಗುರುತನ್ನು ತೋರಿಸಿದರು. ಅವನ ಮುಖ ಅರಳಿತು.

"ಅದಾ ಸಾರ್? ಆ ಮೂಲೆ ಬೋಳಾಗಿ ಕಾಣ್ತಿತ್ತು. ಅಂದಕ್ಕೆ ನಾನೇ ಒಂದು ಸೇರಿಸಿದೆ."