ಫೌಜದಾರರ ಕಾರಿನ ಸಪ್ಪಳ

ಕೊಣ್ಣೂರಿನ ಬಾಳೇಶನಿಗೆ ಸ್ವಂತ ಕಾರಿರಲಿಲ್ಲ. ಆದರೆ ಅಂದು ಬೆಳಿಗ್ಗೆ ಕಾರಿನ ಕೀಲಿಯೊಂದು ಅವನ ಕೈಗೆ ಬಂತು. ಬಾಜೂ ಮನೆಯ ನಿವೃತ್ತ ಪೊಲೀಸ್ ಫೌಜದಾರ ಸತ್ತೆಪ್ಪನವರು ದಿಬ್ಬಣದ ಬಸ್ಸಿನಲ್ಲಿ ಹುಕ್ಕೇರಿಯ ಮದುವೆಗೆ ಹೊರಡುವಾಗ, "ನೀರಿನ ಟ್ಯಾಂಕರ್ ಬಂದ್ರ ಕಾರ್ ಸ್ವಲ್ಪ ಹಿಂದ ತಗೀ. ಅಷ್ಟ. ಬ್ಯಾರೆ ಏನೂ ಮಾಡಬ್ಯಾಡ" ಎಂದು ಕೊಟ್ಟು ಹೋಗಿದ್ದರು. ಅವರು "ಚಹಾ ಆತೇನು?" ಎಂದು ಕೇಳಿದರೂ ಬಾಳೇಶನಿಗೆ ತಾನು ಏನನ್ನೋ ಕದ್ದು ಸಿಕ್ಕಿಬಿದ್ದ ಹಾಗಾಗುತ್ತಿತ್ತು.

ಟ್ಯಾಂಕರ್ ಬಂತು, ಕಾರು ಹಿಂದೆ ಸರಿಯಿತು. ಸರಿದ ಕಾರಿನಲ್ಲಿ ಹೆಂಡತಿ ದಾಕ್ಷಾಯಿಣಿ ಬಂದು ಕುಳಿತಳು.

"ಹೆಂಗೂ ಚಾಲೂ ಆಗೇತಿ. ಕುಲಗೋಡಕ್ಕ ನಮ್ಮವ್ವನ ಮನಿಗೆ ಬಿಟ್ಟ ಬರ್ರಿ. ಫೌಜದಾರ ಕಾಕಾ ಬರೂದು ಸಂಜೀಕ."

ಬಾಳೇಶನಿಗೆ ಇಬ್ಬರದೂ ಭಯವೇ. ಆದರೆ ಫೌಜದಾರರು ಹುಕ್ಕೇರಿಯಲ್ಲಿದ್ದರು, ದಾಕ್ಷಾಯಿಣಿ ಪಕ್ಕದಲ್ಲಿದ್ದಳು.

ದಾರಿಯುದ್ದಕ್ಕೂ ಅವಳು ಮಾತಾಡಿದಳು; ಬೇರೇನೂ ಕಿವಿಗೆ ಬೀಳಲಿಲ್ಲ. ಅವಳನ್ನು ತವರಿನಲ್ಲಿ ಇಳಿಸಿ ಒಬ್ಬನೇ ಹೊರಟವನು ಊರ ಹೊರಗಿನ ಹಂಪ್ ದಾಟಿದ್ದೇ ತಡ, ಕಾರಿನ ಹೊಟ್ಟೆಯಡಿಯಿಂದ ಕಡಕಡಕಡ ಎಂದು ಸಪ್ಪಳ ಎದ್ದಿತು. ತಗಡಿನ ಡಬ್ಬಿಯಲ್ಲಿ ಶೇಂಗಾ ಹಾಕಿ ಯಾರೋ ಕುಣಿಸಿದ ಹಾಗೆ. ನಿಂತರೆ ನಿಲ್ಲುತ್ತಿತ್ತು, ಹೊರಟರೆ ತಾನೂ ಹೊರಡುತ್ತಿತ್ತು. ಬಾಳೇಶನ ಅಂಗಿ ಬೆನ್ನಿಗೆ ಅಂಟಿತು.

ಗೋಕಾಕದ ಬಸ್ ಸ್ಟ್ಯಾಂಡ್ ಹತ್ತಿರ ಚಹಾದಂಗಡಿ ಮುಂದೆ ನಿಲ್ಲಿಸಿ ಕೆಳಗೆ ಬಗ್ಗಿ ನೋಡಿದ. ಬಗ್ಗಿದವನ ಸುತ್ತ ಜನ ಕೂಡಲು ಎಷ್ಟು ಹೊತ್ತು? ಕೇಳಿದವರಿಗೆ ಸಪ್ಪಳದ ಕಥೆ ಹೇಳಿದ.

"ಇಂಜಿನ್ ಕೆಲಸಾ ಬಂತ್ರಿ," ಎಂದ ಕಬ್ಬಿನ ಲಾರಿ ಓಡಿಸುವ ರಾಜಪ್ಪ, ಕೈಯಲ್ಲಿದ್ದ ಚಹಾ ಕೆಳಗಿಡದೆ.

"ಇಂಜಿನ್ ಅಲ್ಲ, ಗಾಲಿ," ಎಂದ ಗೊಬ್ಬರದಂಗಡಿಯ ವೀರಪ್ಪ. "ನಮ್ಮ ಮಾವನ ಗಾಡಿ ಹಿಂಗ ಸಪ್ಪಳ ಮಾಡಿತ್ತು. ಆಮ್ಯಾಲ ಗಾಲಿ ಮುಂದ ಹೋತು, ಮಾವ ಹಿಂದ ಉಳದ."

ಕಿವಿಯಾರೆ ಕೇಳದೆ ಹೇಳಲಾಗದೆಂದು ಇಬ್ಬರೂ ಹತ್ತಿ ಕುಳಿತರು. ಅವರನ್ನು ನೋಡಿ ಮತ್ತಿಬ್ಬರು ಹತ್ತಿದರು. ಅಷ್ಟು ಜನ ಕುಳಿತ ಮೇಲೆ ಕಾರು ಬಸುರಿ ಎಮ್ಮೆಯಂತೆ ಮೆಲ್ಲಗೆ ಹೊರಟಿತು. ಸಪ್ಪಳದ ಸುಳಿವೇ ಇಲ್ಲ.

"ಸಪ್ಪಳ ನಿಮ್ಮ ತಲಿಯೊಳಗ ಐತಿ ನೋಡ್ರಿ," ಎನ್ನುತ್ತ ವೀರಪ್ಪ ತನ್ನ ಅಂಗಡಿ ಬಂದೊಡನೆ ಇಳಿದ. ಉಳಿದವರೂ ತಮ್ಮ ತಮ್ಮ ಓಣಿ ಬಂದಂತೆ ಇಳಿದರು. ಕೊನೆಯವನು ಬಾಗಿಲು ಹಾಕಿ ನಾಲ್ಕು ಮಾರು ಹೋಗುವುದರೊಳಗೆ, ಕಡಕಡಕಡ.

ಕೊಣ್ಣೂರಿನ ಮೆಕ್ಯಾನಿಕ್ ಮಾಲಿಂಗಪ್ಪನ ಗ್ಯಾರೇಜಿಗೆ ಬರುವ ಹೊತ್ತಿಗೆ ಬಿಸಿಲು ಇಳಿಮುಖವಾಗಿತ್ತು. ಮಾಲಿಂಗಪ್ಪ ಕೆಳಗೆ ಕಣ್ಣು ಹಾಯಿಸಿ, "ಸೈಲೆನ್ಸರ್ ಕಡೆ ಐತಿ. ಆರಲಿ, ತಡೀರಿ," ಎಂದ. ಮದುವೆಯ ಊಟ ಮುಗಿದು ಬಸ್ಸು ಹೊರಟಿರಬೇಕು ಎಂದು ಬಾಳೇಶನ ಜೀವ ಹಾರುತ್ತಿತ್ತು. ತಡೆಯಲಾಗದೆ ಕೈ ಚಾಚಿ ಪೈಪು ಅಲ್ಲಾಡಿಸಲು ಹೋದ. ಬೆರಳು ಚುರ್ ಎಂದವು.

"ಆರಲಿ ಅಂದೆನಲ್ರಿ," ಎಂದ ಮಾಲಿಂಗಪ್ಪ, ನೀರಿನ ಬಕೆಟ್ಟು ತೋರಿಸಿ.

ಆರಿದ ಮೇಲೆ ಕೆಳಗೆ ನುಸುಳಿ ಒಂದೊಂದೇ ಭಾಗ ಬಡಿದು ನೋಡಿದ. "ಇದ ನೋಡ್ರಿ. ಬಿಸಿ ತಡಿಯಾಕ ಪೈಪಿನ ಮ್ಯಾಲ ಹಾಕಿದ ತಗಡು. ಬೋಲ್ಟ್ ಬಿದ್ದೈತಿ. ಓಡುವಾಗ ಅಲಗಾಡಿ ಪೈಪಿಗೆ ಬಡ್ಯಾಕತ್ತೈತಿ." ತಗಡನ್ನು ಪೈಪಿಗೆ ಒತ್ತಿ ಸುತ್ತಲೂ ಉಕ್ಕಿನ ಪಟ್ಟಿ ಬಿಗಿದ. ಕಾರು ಮೌನವ್ರತ ಹಿಡಿದಂತಾಯಿತು.

ಬಾಳೇಶ ಕಾರನ್ನು ಇದ್ದ ಜಾಗಕ್ಕೆ ತಂದು ನಿಲ್ಲಿಸಿ ಧೂಳು ಒರೆಸುವಷ್ಟರಲ್ಲಿ ದಿಬ್ಬಣದ ಬಸ್ಸು ಬಂತು. ಫೌಜದಾರರು ಕೀಲಿ ಇಸಿದುಕೊಂಡು, ಮನೆಯೊಳಗೂ ಹೋಗದೆ ಕಾರು ಹತ್ತಿ ಒಂದು ಸುತ್ತು ಹೊಡೆದು ಬಂದರು.

"ಬಾಳೇಶಾ, ಸಪ್ಪಳ ಎಲ್ಲಿ ಹೋತು?"

"ಯಾವ ಸಪ್ಪಳ, ಕಾಕಾ?" ಎಂದ ಬಾಳೇಶ, ಒರೆಸಿದ ಬಾನೆಟ್ಟನ್ನೇ ಮತ್ತೆ ಒರೆಸುತ್ತ.

"ತಿಂಗಳಾತು, ಕಡಕಡ ಅಂತಿತ್ತು. ಶೋರೂಮಿನವರ ಮುಂದ ಮಾತ್ರ ಗಪ್ಪ. ನಾ ಸುಳ್ಳ ಹೇಳಾಕತ್ತೇನಿ ಅಂದ್ರು. ಜನ್ಮ ಎಲ್ಲಾ ಮಂದಿ ಸುಳ್ಳ ಹಿಡದಾಂವಗ. ಜಗಳಾಡಿ ಅವರ ಇಂಜಿನಿಯರನ್ನ ಇಲ್ಲಿಗೇ ಕರಿಸೇನಿ. ನಾಳಿ ಮುಂಜಾನೆ ಸಪ್ಪಳ ಕೇಳಾಕ ಬರ್ತಾನ."

ಹೇಳುತ್ತಲೇ ಬಗ್ಗಿ ನೋಡಿದರು. ಹೊಸ ಪಟ್ಟಿ ಫಳಫಳ ಹೊಳೆಯುತ್ತಿತ್ತು. ಎದ್ದವರು ಬಾಳೇಶನ ಕೈ ನೋಡಿದರು.

"ಬೆರಳಿಗೆ ಏನಾತು?"

"ಚಹಾ ಚೆಲ್ಲಿತ್ರಿ."

"ಚಹಾ ಪೈಪಿನ ಆಕಾರದಾಗ ಚೆಲ್ಲಿತೇನು? ಗಾಡಿ ಹತ್ತು, ಪಟ್ಟಿ ಹಾಕಿದಾಂವನ ಕಡೆ ನಡಿ."

ಗ್ಯಾರೇಜಿನ ಬಾಗಿಲು ಎಳೆಯುತ್ತಿದ್ದ ಮಾಲಿಂಗಪ್ಪ, ಸಪ್ಪಳ ಮೊದಲಿನಂತೆ ಬೇಕೆಂಬ ಬೇಡಿಕೆ ಕೇಳಿ ತಲೆ ಕೆರೆದುಕೊಂಡ. "ಸಪ್ಪಳ ತಗಿಯಾಕ ಬರ್ತೈತ್ರಿ. ಹಾಕಾಕ ನನಗ ಯಾರೂ ಕಲಿಸಿಲ್ಲ." ಫೌಜದಾರರ ಮುಖ ನೋಡಿ ಪಟ್ಟಿ ಬಿಚ್ಚಿದ.

ಬಾಳೇಶ ಕಾರು ಓಡಿಸಿದ. ಸಪ್ಪಳ ಬಂತು. ಅವನಿಗೆ ಹೋದ ಜೀವ ಬಂದಂತಾಯಿತು. ಫೌಜದಾರರು ಕಣ್ಣು ಮುಚ್ಚಿ, ಸಾಕ್ಷಿಯ ಹೇಳಿಕೆ ಕೇಳುವವರಂತೆ ಕೇಳಿದರು. ಬಳಿಕ ತಲೆ ಅಡ್ಡಡ್ಡ ಆಡಿಸಿದರು.

"ಇದಲ್ಲ. ಅದು ಕಡಕಡ ಅಂತಿತ್ತು, ಇದು ಗಡಗಡ ಅಂತೈತಿ. ಗ್ಯಾರೇಜಿಗೆ ಗಾಡಿ ಹೊಳ್ಳಿಸು."