ಕಟ್ಟಿಗೆ ಮೋಟಾರಿನ ಹಿಂಬಾಗಿಲ ನಂಬರು

ಸಂಶಯ ಪಡುವುದು ಕೆಟ್ಟ ಚಟ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಅದಕ್ಕೇ ಸಂಬಳ ಸಿಗುವವನು ಏನು ಮಾಡಬೇಕು? ತಾಂಡೂರಿನ ಒಂದು ಕಾಲೇಜಿನಲ್ಲಿ ಪ್ರಮಾಣಪತ್ರಗಳು ಅಸಲಿಯೋ ನಕಲಿಯೋ ಎಂದು ನೋಡುವ ಗುಮಾಸ್ತ ನಾನು. ಮದುವೆಯ ಕರೆಯೋಲೆ ಬಂದರೂ ಮೊದಲು ಬೆಳಕಿಗೆ ಹಿಡಿದು ನೋಡುತ್ತೇನೆ. ಹೆಂಡತಿ ಮಹಾದೇವಿ ಚಹಾದಲ್ಲಿ ಸಕ್ಕರೆ ಹಾಕಿದ್ದೇನೆ ಎಂದರೆ ಚಮಚ ಆಡಿಸಿ ತಳ ಪರೀಕ್ಷಿಸುತ್ತೇನೆ. ಅವಳು ಸಕ್ಕರೆ ಡಬ್ಬಿಯನ್ನೇ ತಂದು ನನ್ನ ಮುಂದಿಡುತ್ತಾಳೆ.

ನನ್ನ ಮಾವ ಬಿಟ್ಟುಹೋದ ಹಳೆಯ ಸ್ಟೇಷನ್ ವ್ಯಾಗನ್ ಒಂದಿದೆ. ಮೂತಿ ಕಬ್ಬಿಣದ್ದು, ಬೆನ್ನೆಲ್ಲ ತೇಗದ ಕಟ್ಟಿಗೆ. ಅದನ್ನು ಹೈದರಾಬಾದಿನ ಹಳೆ ಮೋಟಾರುಗಳ ಪ್ರದರ್ಶನಕ್ಕೆ ಒಯ್ಯಬೇಕೆಂಬುದು ಮಹಾದೇವಿಯ ಆಸೆ. ರಿಪೇರಿಗೆಂದು ಜಹೀರಾಬಾದಿನ ಮಲ್ಲಯ್ಯ ಮಿಸ್ತ್ರಿಯ ಅಂಗಡಿಯಲ್ಲಿ ಬಿಟ್ಟು ನಾಲ್ಕು ತಿಂಗಳಾಗಿತ್ತು. ಈ ಮಲ್ಲಯ್ಯ ಮಾವನ ಜೀವದ ಗೆಳೆಯ. ಪ್ರದರ್ಶನದ ಅರ್ಜಿಯಲ್ಲಿ ಎರಡು ನಂಬರು ಕೇಳಿದ್ದರು, ಒಂದು ಕಬ್ಬಿಣದ ಚೌಕಟ್ಟಿನದು ಅಂದರೆ ಚಾಸಿಯದು, ಇನ್ನೊಂದು ಕಟ್ಟಿಗೆಯ ಬಾಡಿಯದು. ಸರಿ, ಒಂದು ಭಾನುವಾರ ಭೂತಗನ್ನಡಿ ಜೇಬಿಗಿಟ್ಟುಕೊಂಡು ಹೆಂಡತಿಯೊಡನೆ ಹೊರಟೆ.

ಚಾಸಿ ನಂಬರು ಆರ್‌ಸಿ ಪುಸ್ತಕದ ನಂಬರಿಗೆ ಅಕ್ಷರಶಃ ಹೊಂದಿತು. ನನಗೆ ಸ್ವಲ್ಪ ಬೇಸರವೇ ಆಯಿತು. ಆಮೇಲೆ ಹಿಂಬಾಗಿಲಿನ ಒಳ ಅಂಚು ನೋಡಿದೆ. ಪುಸ್ತಕದಲ್ಲಿ ಬಾಡಿ ನಂಬರು ಏಳು ನೂರಾ ಹತ್ತು ಎಂದಿದೆ. ಕಟ್ಟಿಗೆಯಲ್ಲಿ ಕೊರೆದದ್ದು ಇಂಗ್ಲಿಷಿನ ಒಂದು ವಿ, ಪಕ್ಕದಲ್ಲಿ ಒಂದು ನೆಟ್ಟನೆಯ ಗೆರೆ. ಅಂದರೆ ರೋಮನ್ ಆರು! ಅದರ ಮುಂದೆ ಒಂದು ಸಣ್ಣ ತೂತು, ಯಾವುದೋ ಮೊಳೆ ಕಿತ್ತ ಹಾಗೆ. ನನ್ನ ಎದೆ ಹಿಗ್ಗಿತು. ಅಸಲಿ ಬಾಗಿಲು ಮಾಯ, ಇದು ಬೇರಾವುದೋ ಆರನೇ ಗಾಡಿಯದು! ಹೋದ ತಿಂಗಳು ನಾರಾಯಣಖೇಡದ ಒಂದು ಚಹಾದಂಗಡಿಯಲ್ಲಿ ಹೊಳೆಯುವ ತೇಗದ ಬಾಗಿಲು ಕಂಡದ್ದು ನೆನಪಾಯಿತು. ಎಲ್ಲಾ ಕೂಡಿಬಂತು ನೋಡಿ.

"ಮಿಸ್ತ್ರಿ ಕಾಕಾ, ನಮ್ಮ ಬಾಗಿಲು ಎಲ್ಲಿ ಹೋತ್ರಿ?" ಎಂದು ಕೇಳಿಯೇಬಿಟ್ಟೆ.

ಮುದುಕ ಕೈಯಲ್ಲಿನ ಉಳಿ ಕೆಳಗಿಟ್ಟ. ಅಲ್ಲಿಯವರೆಗೆ ನನ್ನನ್ನು 'ಅಳಿಯಂದ್ರ' ಎನ್ನುತ್ತಿದ್ದವನು, "ಸಾಹೇಬ್ರ, ನಿಮ್ಮ ಮಾವಾರು ಸಾಯೋ ಮುಂದ ಗಾಡಿ ಚಾವಿ ನನ್ನ ಕೈಯಾಗ ಇಟ್ಟು ಹೋಗ್ಯಾರ. ಇಷ್ಟು ವರ್ಸಾದಾಗ ನನಗ ಯಾರೂ ಕಳ್ಳ ಅಂದಿಲ್ಲ. ಗಾಡಿ ಒಯ್ರಿ, ನನ್ನ ಕೈಲೆ ಈ ಕೆಲಸ ಮಾಡಾಕ ಆಗಂಗಿಲ್ಲ" ಎಂದ.

ಮಹಾದೇವಿಯ ಮುಖ ಕೆಂಪಾಯಿತು. "ನಮ್ಮಪ್ಪನ ದೋಸ್ತಗ ಹಿಂಗ ಅಂತೀರಿ? ಕಾಕಾ, ಆ ನಂಬರ ನೀವೇ ಓದಿ ಹೇಳ್ರಿ ಇವರಿಗೆ."

ಮಲ್ಲಯ್ಯ ಬೆರಳಿಟ್ಟು ಓದಿದ. "ಸಾತ್. ಏಕ್. ಸಿಫರ್. ಏಳು ನೂರಾ ಹತ್ತು. ಈ ಬಾಡಿ ಕಟ್ಟಿದ ನಮ್ಮ ಉಸ್ತಾದರು ಉರ್ದು ಅಂಕಿನೇ ಕೊರಿತಿದ್ರು. ನನಗೂ ಅವೇ ಬರ್ತಾವ."

ವಿ ಎಂದರೆ ಉರ್ದುವಿನ ಏಳು. ನೆಟ್ಟನೆಯ ಗೆರೆ ಎಂದರೆ ಒಂದು. ಮೊಳೆಯ ತೂತು ಎಂದರೆ ಸೊನ್ನೆ. ಹುಟ್ಟಿದಾಗಿನಿಂದ ನಮ್ಮ ಕಡೆಯ ದಖ್ನಿ ಉರ್ದುವಿನಲ್ಲಿ ಜಗಳ ಆಡುತ್ತ ಬಂದಿದ್ದೇನೆ, ಆದರೆ ಉರ್ದು ಲಿಪಿಯ ಗಂಧಗಾಳಿ ಇಲ್ಲ. ನಾಚಿಕೆಯಿಂದ ನೆಲ ನೋಡುತ್ತ ಕ್ಷಮೆ ಕೇಳಿದೆ. ಮಹಾದೇವಿ ನನ್ನ ಕಡೆ ತಿರುಗಿಯೂ ನೋಡದೆ ಕಾಕಾನಿಗೆ ಚಹಾ ತರಲು ಹೋದಳು.

ಮುದುಕ ಕೆಳಗಿಟ್ಟ ಉಳಿಯನ್ನು ಮತ್ತೆ ಕೈಗೆತ್ತಿಕೊಂಡ. ಆಮೇಲೆ, "ತಳದ ಹಲಗಿ ಗೆದ್ದಲ ತಿಂದಿತ್ತು, ಹೊಸಾದು ಹಾಕೀನಿ. ಹಲಗಿ ಹಲಗಿಗೂ ಬಾಡಿ ನಂಬರ ಕೊರಿಬೇಕು, ಅದು ನಮ್ಮ ಪದ್ಧತಿ. ನಾ ಕೊರದ್ರ ನಾಳಿಗಿ ಮತ್ತ ಸಂಶ್ಯಾ ಬರ್ತದ. ನಿಮ್ಮ ಕನ್ನಡದಾಗ ನೀವೇ ಬರದು ಕೊಡ್ರಿ, ಹಂಗೇ ಕೊರಿತೀನಿ. ನನಗಂತೂ ಕನ್ನಡ ಓದಾಕ ಬರಂಗಿಲ್ಲ" ಎಂದು ಸೀಮೆಸುಣ್ಣ ಕೊಟ್ಟ.

ಇಷ್ಟಕ್ಕೇ ಮಾಫಿ ಸಿಕ್ಕಿತಲ್ಲ ಎಂದು ಉಬ್ಬಿಹೋದೆ. ನಾನು ಓದಿದ್ದು ತೆಲುಗು ಶಾಲೆಯಲ್ಲಿ, ಕನ್ನಡ ಅಕ್ಷರ ಕಲಿತದ್ದು ಮನೆಯಲ್ಲಿ, ಅಂಕಿ ಬರೆಯುವುದು ಇಂಗ್ಲಿಷಿನಲ್ಲಿ. ಆದರೂ ಗತ್ತಿನಿಂದ ದೊಡ್ಡದಾಗಿ ಬರೆದೆ. ಮಲ್ಲಯ್ಯ ಕೂದಲೆಳೆ ತಪ್ಪದಂತೆ ಆಳವಾಗಿ ಕೊರೆದ. ಚಹಾ ತಂದ ಮಹಾದೇವಿ ಬಗ್ಗಿ ನೋಡಿದಳು.

"ಏನ್ರಿ, ಈ ೬೧೦ ಯಾವ ಗಾಡಿ ನಂಬರ?"

ಕನ್ನಡದ ಆರು, ಏಳು ನನ್ನ ಕಣ್ಣಿಗೆ ಯಾವಾಗಲೂ ಅವಳಿ ಮಕ್ಕಳು. ಮಲ್ಲಯ್ಯ ಹೊಟ್ಟೆ ಹಿಡಿದು ನಗತೊಡಗಿದ. ಹಲಗೆ ಬದಲಿಸುತ್ತೇನೆ ಎಂದು ಅವನು ಹೇಳಿದರೂ ಮಹಾದೇವಿ ಬಿಡಲಿಲ್ಲ. ಈಗ ನಂಬರಿನ ಲೆಕ್ಕದಲ್ಲಿ ನಮ್ಮ ಗಾಡಿಯ ಒಂದೇ ಒಂದು ಹಲಗೆ ಬೇರೆ ಗಾಡಿಯಿಂದ ಕದ್ದದ್ದು. ನನ್ನಂಥ ಗುಮಾಸ್ತ ಯಾರಾದರೂ ಭೂತಗನ್ನಡಿ ಹಿಡಿದು ಬಂದರೆ ಹೇಳಬೇಕಾಗುತ್ತದೆ, ಅಕ್ಷರ ನಂದೇರಿ ಅಂತ.