ಬಸ್ ನಿಲ್ದಾಣದಲ್ಲಿ ಐದೆಸಳಿನ ನಿವೇಶನ

ನಗರ ಕಚೇರಿಯ ಮುಖ್ಯ ಗುಮಾಸ್ತರು ಮೌಸ್ ಒತ್ತುವ ಮುಂಚೆ ಬೆರಳಿಗೆ ಎಂಜಲು ಹಚ್ಚಿಕೊಳ್ಳುತ್ತಾರೆ. ಮೂವತ್ತು ವರ್ಷ ಕಾಗದ ತಿರುವಿದ ಬೆರಳು; ಕಂಪ್ಯೂಟರ್ ಬಂತೆಂದು ಅದರ ಶಿಸ್ತು ಕೆಡಿಸಲು ಅವರು ಸಿದ್ಧರಿಲ್ಲ. ಮಂಗಳವಾರ ಹನ್ನೊಂದು ಗಂಟೆಗೆ ಹೀಗೆಯೇ ಒತ್ತಿದಾಗ ಟೈಲರಮ್ಮನ ಫೈಲು ತೆರೆದುಕೊಂಡಿತು.

ಟೈಲರಮ್ಮ ತಂದಿದ್ದು ಶಾಲಾ ಮಕ್ಕಳ ಅಂಗಿಯ ಜೇಬಿಗೆ ಹಾಕುವ ಕಸೂತಿ ಹೂವು. ನಗರದ ಶಾಲೆಗಳ ಅಂಗಿಯಾದ್ದರಿಂದ ಅದಕ್ಕೆ ಕಚೇರಿಯ ಒಪ್ಪಿಗೆ ಬೇಕು. ಅವಳ ಕಸೂತಿ ಯಂತ್ರವು ಹೂವಿನ ಫೈಲಿಗೆ ಹೆಸರಿಟ್ಟು, ಕೊನೆಗೊಂದು ಚುಕ್ಕಿ, ಮುಂದೆ 'ಡಿಎಟಿ' ಎಂಬ ಬಾಲ ಅಂಟಿಸುತ್ತದೆ. ಕಚೇರಿಯ ಜಮೀನು ಅಳತೆಯ ತಂತ್ರಾಂಶವೂ ಅದೇ ಬಾಲ ಅಂಟಿಸುತ್ತದೆ. ಇನ್ನೂ ಎಷ್ಟೋ ತಂತ್ರಾಂಶಗಳು ಅಂಟಿಸುತ್ತವೆ. ಆದರೆ ಕಚೇರಿಯಲ್ಲಿದ್ದದ್ದು ಒಂದೇ. ಅದು ಹೊಲಿಗೆಗಳನ್ನೆಲ್ಲ ಗಡಿಕಲ್ಲುಗಳೆಂದು ಓದಿ, ಊರಿನ ನಕ್ಷೆಯ ಮೇಲೆ ಐದೆಸಳಿನ ನಿವೇಶನ ಬಿಡಿಸಿತು. ಬಸ್ ನಿಲ್ದಾಣದ ನಟ್ಟನಡುವೆ.

"ಜಾಗ ಚೆನ್ನಾಗಿದೆಯಮ್ಮಾ," ಎಂದರು ಗುಮಾಸ್ತರು.

"ಅಯ್ಯೋ ಸಾರ್, ಅದು ಜಾಗ ಅಲ್ಲ, ಹೂವು! ಹೊಲಿಗೆ ತಂತ್ರಾಂಶದಲ್ಲಿ ತೆಗೀಬೇಕು, ಈ ಪೆನ್‌ಡ್ರೈವಲ್ಲೇ ಇದೆ. ಸೋಮವಾರದೊಳಗೆ ಒಪ್ಪಿಗೆ ಸಿಗದಿದ್ರೆ ಆರುನೂರು ಅಂಗಿ ಬೇರೆಯವರ ಪಾಲಾಗುತ್ತೆ."

"ಹೊರಗಿನ ತಂತ್ರಾಂಶ ಒಳಗೆ ಬರೋ ಹಾಗಿಲ್ಲ. ಬಾಲ ನಮ್ಮದೇ ಇದೆಯಲ್ಲ? ಬಾಲ ನಮ್ಮದಾದ ಮೇಲೆ ತಲೆ ಯಾರದಾದ್ರೇನು?"

ನಿಯಮ ಹದಿನಾಲ್ಕು ಸ್ಪಷ್ಟವಾಗಿದೆ: 'ಕಡತವು ಏನೆಂಬುದನ್ನು ಅದನ್ನು ತೆರೆದ ತಂತ್ರಾಂಶವೇ ನಿರ್ಧರಿಸತಕ್ಕದ್ದು. ಕಡತ ತಂದವರನ್ನು ಕೇಳತಕ್ಕದ್ದಲ್ಲ.'

ಬುಧವಾರ ನಿವೇಶನ ಟೈಲರಮ್ಮನ ಹೆಸರಿಗೆ ದಾಖಲಾಗಿ, ಜಮೀನು ಅಳೆಯುವ ಮೋಜಣಿದಾರರು ಟೇಪು ಹಿಡಿದು ನಿಲ್ದಾಣಕ್ಕೆ ಹೋದರು. ಮೂರನೇ ಎಸಳಿನ ತುದಿ ಟಿಕೆಟ್ ಕೌಂಟರಿನೊಳಗೆ ನುಗ್ಗಿದ್ದರಿಂದ ಟಿಕೆಟ್ ಕೊಡುವವರನ್ನು ಕುರ್ಚಿಸಮೇತ ಒಂದು ಅಡಿ ಸರಿಸಲಾಯಿತು. ಗುರುವಾರ ನಿಲ್ದಾಣದ ಗೋಡೆಯ ಮೇಲೆ ಪ್ರಕಟಣೆ ಬಂತು:

'ಬಸ್ಸುಗಳು ಎಸಳುಗಳ ಸಂದಿಯಲ್ಲಿ ಮಾತ್ರ ನಿಲ್ಲತಕ್ಕದ್ದು. ಹೂವಿನ ನಡುಭಾಗದಲ್ಲಿ ಮಾಲೀಕರ ಅಪ್ಪಣೆಯಿಲ್ಲದೆ ಯಾರೂ ಕೂರತಕ್ಕದ್ದಲ್ಲ.'

ಯಾರೂ ಗೊಣಗಲಿಲ್ಲ. "ಮುಂಚೆಗಿಂತ ತಿರುಗಿಸೋಕೆ ಸಲೀಸು," ಎಂದರು ಒಬ್ಬ ಚಾಲಕರು.

ಟೈಲರಮ್ಮನ ಮನೆಯಲ್ಲಿ ಅತ್ತೆ ಹದಿನೈದು ವರ್ಷದಲ್ಲಿ ಮೊದಲ ಸಲ ಸೊಸೆಗೆ ತಾವೇ ಕಾಫಿ ಮಾಡಿಕೊಟ್ಟರು.

"ಐದು ಎಸಳಂತಲ್ಲೇ! ನಿನಗೊಬ್ಬಳಿಗೆ ಯಾಕೆ ಅಷ್ಟೊಂದು? ಒಂದನ್ನ ನನ್ನ ಮಗಳ ಹೆಸರಿಗೆ ಬರಿ."

"ಅತ್ತೆ, ಅದು ದಾರದ ಹೂವು."

"ಕೊಡೋ ಮನಸ್ಸಿಲ್ಲ ಅನ್ನು. ದಾರ ಗೀರ ಅಂತ ಕಥೆ ಕಟ್ಟಬೇಡ," ಎಂದು ಅತ್ತೆ ಲೋಟ ವಾಪಸು ತೆಗೆದುಕೊಂಡರು.

ಶನಿವಾರ ಟೈಲರಮ್ಮ ಮತ್ತೆ ಕಚೇರಿಗೆ ಹೋದಳು. ಈ ಬಾರಿ ದೊಡ್ಡ ಸಾಹೇಬರೇ ಎದ್ದು ಕುರ್ಚಿ ಹಾಕಿದರು. ನಿವೇಶನವಿದ್ದವರನ್ನು ನಿಲ್ಲಿಸುವ ಪದ್ಧತಿ ಅಲ್ಲಿಲ್ಲ.

"ನೋಡೀಮ್ಮಾ, ಎರಡನೇ ಎಸಳಲ್ಲಿ ನನ್ನ ಭಾವಮೈದುನ ಒಂದು ಜ್ಯೂಸ್ ಅಂಗಡಿ ಇಟ್ಕೊಳ್ತಾನಂತೆ. ನೀವು ಇಲ್ಲ ಅನ್ನಲ್ಲ ಅಂತ ಆಗಲೇ ಹೇಳಿಬಿಟ್ಟಿದೀನಿ."

"ಎಲ್ಲ ಎಸಳೂ ನೀವೇ ಇಟ್ಕೊಳ್ಳಿ ಸಾರ್. ಇವತ್ತು ಒಂದು ಗಂಟೆಗೆ ಕಚೇರಿ ಮುಚ್ಚುತ್ತೆ. ಅಷ್ಟರೊಳಗೆ ಈ ಪೆನ್‌ಡ್ರೈವ್ ಹಾಕಿ, ಹೂವನ್ನ ಹೂವಾಗಿ ನೋಡಿಬಿಡಿ. ಇಲ್ಲಾಂದ್ರೆ ಅಂಗಿಗಳು ಕೈತಪ್ಪಿಹೋಗ್ತವೆ."

ಸಾಹೇಬರೂ ಗುಮಾಸ್ತರೂ ಅಷ್ಟರಲ್ಲಿ ಕಿಟಕಿಯ ಬಳಿ ನಿಂತು, ಮಧ್ಯಾಹ್ನ ಯಾವ ಎಸಳಿಗೆ ನೆರಳು ಬರುತ್ತದೆಂದು ಚರ್ಚಿಸುತ್ತಿದ್ದರು. ಗಡಿಯಾರ ಒಂದಕ್ಕೆ ಹತ್ತು ನಿಮಿಷವಿದೆ ಎನ್ನುತ್ತಿತ್ತು.

"ಒಂದೇ ಒಂದ್ಸಲ ತೆಗೆದು ನೋಡ್ತೀರಾ, ಸಾರ್?"